ಗಂಜಿ ಊದಿ ಕೊಟ್ಟ ರಾಕ್ಷಸಿ

ಮುಂಡಗೋಡ,
ತಾ. 12 ಸೆಪ್ಟೆಂಬರ್ 1937

ಅವ್ವಾ,

ನಿನ್ನ ಮಗಳು ನೀಲಕ್ಕನ ಶರಣಾರ್ಥಿ. ಯೂಸುಫ ಕಾಕಾ ಇದನ್ನು ನಿನಗೆ ಓದಿ ಹೇಳುತ್ತಾರೆ, ಅದಕ್ಕೇ ಮೊದಲು ಅವರಿಗೊಂದು ಮಾತು. ಕಾಕಾ, ಹೊಲಿಗೆ ಮಶಿನ್ ನಿಲ್ಲಿಸಿ ಓದಿರಿ. ಹಿಂದಿನ ಪತ್ರವನ್ನು ಅರ್ಧ ಓದಿ ಕಾಜಾ ಹೊಲಿಯಲು ಕೂತಿರಂತೆ. ತೇರಗಾಂವದಿಂದ ಬಂದ ಗಾಡಿಯವರ ಕೈಯಲ್ಲಿ ಅವ್ವ ದೂರು ಕಳಿಸಿದ್ದಾಳೆ.

ನಾನು ಇಲ್ಲಿ ಚೆನ್ನಾಗಿದ್ದೇನೆ. ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಈಗ ಇಪ್ಪತ್ತಮೂರು ಹುಡುಗಿಯರು. ಮಳೆ ಬಂದ ದಿನ ಹದಿನೈದು. 'ಅಕ್ಕೋರ' ಎಂದು ಕರೆಯುತ್ತಾರೆ. ಮೊದಲ ವಾರ ಯಾರನ್ನೋ ಕರೆಯುತ್ತಿದ್ದಾರೆಂದು ನಾನೇ ಹಿಂದೆ ತಿರುಗಿ ನೋಡುತ್ತಿದ್ದೆ.

ಈಗ ದೊಡ್ಡ ಸುದ್ದಿ. ಹೋದ ವಾರ ಇನ್ಸ್ಪೆಕ್ಟರ್ ಸಾಹೇಬರು ಬಂದಿದ್ದರು. ಹುಡುಗಿಯರು ಅವರ ಮುಂದೆ ನಿನ್ನ ಬಿಳಿಗಣ್ಣಿಯ ಕಥೆ ಹೇಳಿದರು. ನಾನು ಶನಿವಾರ ಶನಿವಾರ ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಸಾಹೇಬರಿಗೆ ಎಷ್ಟು ಹಿಡಿಸಿತೆಂದರೆ, ಇದನ್ನು ಬರೆದು ಕೊಡಿ, ಹುಬ್ಬಳ್ಳಿಯ ಛಾಪಖಾನೆಯಲ್ಲಿ ಚಿತ್ರ ಹಾಕಿ ಅಚ್ಚು ಮಾಡಿಸೋಣ, ಜಿಲ್ಲೆಯ ಎಲ್ಲ ಹೆಣ್ಣುಮಕ್ಕಳ ಶಾಲೆಗೂ ಕಳಿಸೋಣ ಎಂದರು. ಮಾರ್ಚ್ ಮುಗಿಯುವುದರೊಳಗೆ ಬರೆದು ಕೊಡಬೇಕು. ಅವ್ವಾ, ನಿನ್ನ ಕಥೆ ಹಳಿಯಾಳದ ಶಾಲೆಗೂ ಬರುತ್ತದೆ, ನಮ್ಮ ತೇರಗಾಂವಕ್ಕೂ ಬರುತ್ತದೆ.

ನಾನು ಬರೆದುಕೊಂಡದ್ದು ಸರಿಯಿದೆಯೇ ಕೇಳು. ಕಾಳಿ ನದಿಯ ಆಚೆಯ ಕಾಡಿನಲ್ಲಿ ಏಳು ಬಾಗಿಲಿನ ಅರಮನೆ. ಅಲ್ಲಿ ಬಿಳಿಗಣ್ಣಿ ಎಂಬ ರಾಕ್ಷಸಿ. ಒಂದು ಕಣ್ಣು ಬೆಳ್ಳಗೆ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಈಚೆಯ ರಾಜ್ಯದ ರಾಣಿ ಏಳು ತಿಂಗಳು ನಿದ್ದೆ ಹೋಗಿದ್ದಾಗ ಅವಳು ಬಂದು ರಾಣಿಯ ಕೂಸನ್ನು ಕದ್ದುಕೊಂಡು ಹೋಗಿ, ಏಳು ಬಾಗಿಲಿಗೂ ಬೀಗ ಹಾಕಿ ಇಟ್ಟುಕೊಂಡಳು. ಹೊತ್ತು ಮುಳುಗಿದಾಗ ಕೂಸಿಗೆ ಬೆಲ್ಲದ ಗಂಜಿ ಮಾಡಿ, ಊದಿ ಊದಿ ಉಣ್ಣಿಸುತ್ತಿದ್ದಳು. ಎಚ್ಚರಾದ ರಾಣಿ ಹುಡುಕುತ್ತ ಹೋಗಿ ಏಳನೆಯ ಬಾಗಿಲು ತೆರೆದರೆ ಕೂಸು ರಾಣಿಯನ್ನು ನೋಡಿ ರಾಕ್ಷಸಿಯ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡಿತು. ರಾಕ್ಷಸಿ ಮಾಟ ಮಾಡಿದ್ದಾಳೆ ಎಂದು ರಾಣಿಗೆ ತಿಳಿಯಿತು. ರಾಕ್ಷಸಿಯ ಜೀವ ಗೋಡೆಯ ಗೂಡಿನಲ್ಲಿ ಉರಿಯುವ ಹಣತೆಯಲ್ಲಿತ್ತು. ರಾಣಿ ಅದನ್ನು ಊದಿಬಿಟ್ಟಳು. ರಾಕ್ಷಸಿ ಸತ್ತಳು. ಕೂಸು ತಾಯಿಯ ಮಡಿಲಿಗೆ ಬಂತು.

ಇಷ್ಟೇ ತಾನೆ? ಹೂಂ ಅನ್ನುವವರಿಲ್ಲದೆ ಕಥೆ ಹೇಳಬಾರದು, ಹೇಳಿದರೆ ಅದು ಹೇಳಿದವರ ಕಡೆಗೇ ತಿರುಗುತ್ತದೆ ಎಂದು ನೀನು ಹೇಳಿಕೊಟ್ಟಿದ್ದನ್ನೂ ಮರೆತಿಲ್ಲ. ಇಲ್ಲಿ ಇಪ್ಪತ್ತಮೂರು ಬಾಯಿ ಒಟ್ಟಿಗೆ ಹೂಂ ಅನ್ನುತ್ತವೆ, ಓಣಿಯ ನಾಯಿ ಎದ್ದು ಕೂರುತ್ತದೆ. ನಡುವೆ ಏಳು ತಿಂಗಳ ನಿದ್ದೆಯ ಮಾತು ಬಂದಾಗ ಎಲ್ಲರೂ ಬಾಯಿಗೆ ಸೆರಗು ಇಟ್ಟು ನಗುತ್ತಾರೆ.

ಒಂದು ಅನುಮಾನ. ನಮ್ಮ ಶಾಲೆಯಲ್ಲಿ ಸುಗರಾ ಎಂಬ ಹುಡುಗಿ ಇದ್ದಾಳೆ, ಗಾಡಿ ಗಾಲಿಗೆ ಪಟ್ಟಿ ಬಡಿಯುವವರ ಮಗಳು. ಕಥೆ ಮುಗಿದ ಮೇಲೆ ಎದ್ದು ನಿಂತು, "ಅಕ್ಕೋರ, ತಿನ್ನೋ ರಾಕ್ಷಸಿ ಗಂಜಿ ಯಾಕ ಊದಿ ಕೊಡ್ತಾಳ?" ಎಂದಳು. ಅವ್ವನನ್ನು ಕೇಳಿ ಹೇಳುತ್ತೇನೆ ಎಂದೆ. ಇಷ್ಟು ವರ್ಷ ಕೇಳಿದರೂ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಯಾಕೆ ಊದಿ ಕೊಡುತ್ತಾಳೆ ಅವ್ವಾ?

ನಿನ್ನ ನೀಲಾ


ತೇರಗಾಂವ,
ತಾ. 27 ಸೆಪ್ಟೆಂಬರ್ 1937

ಚಿ. ನೀಲಕ್ಕಗೆ ಅವ್ವ ಹೊಳೆವ್ವನ ಆಶೀರ್ವಾದ. ಬರೆದವನು ದರ್ಜಿ ಯೂಸುಫ. ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ.

ನೀಲಾ, ಪತ್ರ ಕೇಳಿ ಭಾಳ ಖುಷಿ ಆತು. ನನ್ನ ಕಥಿ ಪುಸ್ತಕ ಆಗ್ತೈತಿ ಅಂದ್ರ ನಂಬಿಗಿ ಬರವಲ್ದು. ಓಣ್ಯಾಗ ಎಲ್ಲಾರಿಗೂ ಹೇಳೇನಿ. ಗ್ವಾಡಿ ಆಚೀಕಡಿಯಾಕಿಗೆ ಅಷ್ಟ ಹೇಳಿಲ್ಲ. ಆಕಿಗೂ ನನಗೂ ಮಾತಿಲ್ಲ, ನಿನಗ ಗೊತ್ತೈತಿ.

ಆ ಸುಗರಾ ಶಾಣ್ಯಾಕಿ ಇದ್ದಂಗ ಕಾಣ್ತಾಳ. ಆಕಿಗೆ ಹೇಳು, ರಾಕ್ಷಸಿ ಗಂಜಿ ಕೊಡೋದು ಕೂಸನ್ನ ಕೊಬ್ಬಿಸಿ ತಿನ್ನಾಕ. ಅದರಾಗ ತಿಳೀಲಾರದ್ದು ಏನೈತಿ.

ಏಳು ತಿಂಗಳ ನಿದ್ದಿ ಅಂದಕೂಡ್ಲೆ ಹುಡುಗ್ಯಾರು ನಗ್ತಾರ ಅಂತ ಬರದಿ. ಅದರಾಗ ನಗೂದೇನೈತಿ. ರಾಣಿಗೆ ಜ್ವರ ಬಂದಿತ್ತು. ಆಕಿಗೆ ಮೈಮ್ಯಾಲೆ ಎಚ್ಚರ ಇರಲಿಲ್ಲ. ಅದನ್ನ ಪುಸ್ತಕದಾಗ ಸರಿಯಾಗಿ ಬರಿ.

ಹೊತ್ತಿಗೆ ಸರಿಯಾಗಿ ಉಣ್ಣು. ಮದುವಿ ಮಾತು ಎತ್ತಬ್ಯಾಡ ಅಂದೀಯಲ್ಲ, ಎತ್ತೂದಿಲ್ಲ.

ನಿಮ್ಮವ್ವ

ಬರೆದವನ ಮಾತು: ಮಶಿನ್ ನಿಲ್ಲಿಸಿಯೇ ಓದಿದೆ, ಮಶಿನ್ ನಿಲ್ಲಿಸಿಯೇ ಬರೆದೆ. ನಿಮ್ಮವ್ವನಿಗೆ ಕಥೆಗಷ್ಟೇ ಅಲ್ಲ, ಪತ್ರಕ್ಕೂ ಹೂಂ ಅನ್ನಬೇಕು. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಕೂರುತ್ತಾಳೆ. ಹೂಂ ಅಂದು ಅಂದು ನನ್ನ ಗಂಟಲು ಒಣಗಿದೆ. ಯೂಸುಫ.


ಮುಂಡಗೋಡ,
ತಾ. 15 ಅಕ್ಟೋಬರ್ 1937

ಅವ್ವಾ,

ಶರಣು. ನಿನ್ನ ಉತ್ತರವನ್ನು ಶಾಲೆಯಲ್ಲಿ ಓದಿದೆ. ಸುಗರಾ ಅಲ್ಲಿಗೆ ಬಿಡುವವಳಲ್ಲ. "ಕೊಬ್ಬಿಸೂದಾದ್ರ ಬಿಸೀದ ಕೊಟ್ಟರೂ ಕೊಬ್ಬತೈತ್ರಿ. ಬಾಯಿ ಸುಡಬಾರ್ದು ಅಂತ ಊದೂದು ಯಾಕ್ರಿ?" ಎಂದಳು. ನೀನೇ ಬಂದು ಅವಳಿಗೆ ಉತ್ತರ ಹೇಳು, ನನ್ನಿಂದಾಗದು.

ಧಾರವಾಡದ ಟ್ರೇನಿಂಗಿನಲ್ಲಿ ಕಲಿತದ್ದನ್ನು ಮಾಡೋಣವೆಂದು ಹಲಗೆಯ ಮೇಲೆ ಗೆರೆ ಎಳೆದೆ. ಒಂದು ಕಡೆ ಗುಣ, ಒಂದು ಕಡೆ ಅವಗುಣ. ರಾಣಿಯದನ್ನೂ ರಾಕ್ಷಸಿಯದನ್ನೂ ನೀವೇ ಹೇಳಿರಿ ಎಂದೆ. ಸತ್ಯ ಗೆಲ್ಲುತ್ತದೆ, ದುಷ್ಟತನ ಸೋಲುತ್ತದೆ ಎಂದು ಪಾಠ ಮುಗಿಸುವುದು ನನ್ನ ಲೆಕ್ಕಾಚಾರ. ನಡೆದದ್ದೇ ಬೇರೆ. ರಾಕ್ಷಸಿಯ ಅವಗುಣ: ಕದ್ದಳು. ಗುಣ: ಅಡುಗೆ ಮಾಡುತ್ತಾಳೆ, ಊದಿ ಉಣ್ಣಿಸುತ್ತಾಳೆ, ಕೂಸನ್ನು ಒಮ್ಮೆಯೂ ಬೈದಿಲ್ಲ, ಬಾಗಿಲು ಕಾಯುತ್ತಾಳೆ, ಇಷ್ಟು ದಿನ ಇಟ್ಟುಕೊಂಡರೂ ತಿಂದಿಲ್ಲ. ರಾಣಿಯ ಗುಣ: ಹುಡುಕಿಕೊಂಡು ಬಂದಳು. ಅವಗುಣದ ಕಡೆಗೆ ಎಲ್ಲ ಕೈಗಳೂ ಎದ್ದವು. ಮೈಗಳ್ಳಿ ಎಂದರು. ಜ್ವರವಿತ್ತಂತೆ ಎಂದು ನಾನು ನಿನ್ನ ಪರವಾಗಿ ಹೇಳಿದೆ. ಹಾಗಾದರೆ ರಾಣಿಗೆ ಜ್ವರ ಬಂದಾಗ ಕೂಸನ್ನು ನೋಡಿಕೊಂಡವರು ಯಾರು ಎಂದು ಸುಗರಾ ಕೇಳಿದಳು. ನಾನು ಗಂಟೆ ಬಾರಿಸಿ ಮನೆಗೆ ಕಳಿಸಿದೆ.

ಅವ್ವಾ, ಇಷ್ಟು ವರ್ಷಗಳಲ್ಲಿ ನೀನು ಒಂದು ಸಲವೂ ರಾಣಿಗೆ ಜ್ವರವಿತ್ತು ಅಂದಿರಲಿಲ್ಲ. ನಿದ್ದೆ ಎಂದೇ ಹೇಳುತ್ತಿದ್ದೆ.

ಇನ್ನೊಂದು ಮಾತು. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಚಿತ್ರ ಬರೆಯುವವರಿಗೆ ರಾಕ್ಷಸಿ ಹೇಗಿದ್ದಾಳೆಂದು ಬರೆದು ಕಳಿಸಬೇಕಿತ್ತು. ಬಿಳಿ ಕಣ್ಣು, ಬೀಗದ ಕೈ ಗೊಂಚಲು, ಎಡಗಡೆ ವಾಲಿ ನಡೆಯುವುದು, ದಪ್ಪ ಅಂಚಿನ ಸೀರೆ. ಬರೆದ ಮೇಲೆ ಓದಿದೆ. ಅದು ರಾಕ್ಷಸಿಯಲ್ಲ, ಕಾಶೆವ್ವ ಅತ್ತಿ. ಅಪ್ಪನ ಸ್ವಂತ ಅಕ್ಕ, ನಮ್ಮ ಮನೆಯ ಗೋಡೆಯ ಆಚೆಗೆ ಒಬ್ಬಳೇ ಇರುವ ಮುದುಕಿ. ಅವಳ ಕಣ್ಣಿನಲ್ಲಿ ಹೂ ಬಿದ್ದದ್ದು ಚಿಕ್ಕಂದಿನಲ್ಲಂತೆ. ಓಣಿಯ ಹುಡುಗರೆಲ್ಲ ಅವಳನ್ನು ಬಿಳಿಗಣ್ಣಿ ಎಂದೇ ಕೂಗಿ ಓಡುತ್ತಿದ್ದೆವು. ಮುಂದಾಳು ನಾನೇ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಪುಸ್ತಕ ಅಚ್ಚಾದರೆ ತೇರಗಾಂವದ ಪ್ರತಿ ಕೂಸಿನ ಕೈಯಲ್ಲೂ ಅವಳ ಚಿತ್ರ ಇರುತ್ತದೆ, ಕೆಳಗೆ ರಾಕ್ಷಸಿ ಎಂದು ಬರೆದು. ಅವಳು ಸತ್ತ ಮೇಲೂ ಅದು ಇರುತ್ತದೆ. ಅವಳು ಅಂಥದ್ದೇನು ಮಾಡಿದ್ದಳು ಅವ್ವಾ? ನಾನು ಎಷ್ಟು ನೆನೆಸಿದರೂ ಅವಳು ನಮಗೆ ಮಾಡಿದ ಒಂದು ಕೆಡುಕೂ ನೆನಪಾಗುತ್ತಿಲ್ಲ.

ನೀಲಾ


ತೇರಗಾಂವ,
ತಾ. 9 ನವೆಂಬರ್ 1937

ನೀಲಾ, ನಿಮ್ಮವ್ವನ ಆಶೀರ್ವಾದ.

ಕಥಿ ಬ್ಯಾರೆ, ಮನಷ್ಯಾರು ಬ್ಯಾರೆ. ರಾಕ್ಷಸಿಗೆ ಒಂದು ಕಣ್ಣು ಬೇಕಾಗಿತ್ತು, ಸನೇಕ ಇದ್ದದ್ದು ತಗೊಂಡೆ. ಅದಕ್ಕ ಇಷ್ಟು ಯಾಕ ವಿಚಾರ ಮಾಡ್ತಿ. ನಿನ್ನ ಓದಾಕ ಹಚ್ಚಿದ್ದು ಹುಡುಗ್ಯಾರಿಗೆ ಕಲಿಸಲಿ ಅಂತ, ಅವ್ವನ್ನ ಕಟಕಟಿಯಾಗ ನಿಲ್ಲಸಲಿ ಅಂತಲ್ಲ.

ಆಕಿ ಏನು ಮಾಡಿದ್ಲು ಅಂತ ಕೇಳಬ್ಯಾಡ.

ಈ ಸಲ ಭತ್ತ ಚಲೋ ಬಂದೈತಿ. ಕರಿ ಎಮ್ಮಿ ಈದೈತಿ. ಗಿಣ್ಣ ತಿನ್ನಾಕ ನೀ ಇಲ್ಲ ಅಂತ ಅನಸ್ತು.

ನಿಮ್ಮವ್ವ

ಬರೆದವನ ಮಾತು, ಬೇರೆ ಚೀಟಿಯಲ್ಲಿ. ಇದನ್ನು ನಿಮ್ಮವ್ವನಿಗೆ ಓದಿ ಹೇಳಿಲ್ಲ.

ನೀಲಕ್ಕ, ನಾನು ಈ ಊರಿಗೆ ಬಂದು ನಿಮ್ಮ ಮನೆಯ ಎದುರಿನ ಕಟ್ಟೆಯ ಮೇಲೆ ಮಶಿನ್ ಇಟ್ಟದ್ದು ದೊಡ್ಡ ಜ್ವರದ ವರ್ಷ, ನಿಮ್ಮಪ್ಪ ತೀರಿಕೊಂಡು ಒಂದು ತಿಂಗಳಾಗಿತ್ತು. ಆಗ ನಿಮ್ಮ ಮನೆಗೆ ನಡುವಿನ ಗೋಡೆ ಇರಲಿಲ್ಲ. ಸಂಜೆ ಪಡಸಾಲೆಯಲ್ಲಿ ಒಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಯಾರೋ ಈ ಕಥೆ ಹೇಳುತ್ತಿದ್ದರು. ಏಳು ಬಾಗಿಲು, ಬಿಳಿ ಕಣ್ಣು, ಬೆಲ್ಲದ ಗಂಜಿ, ಎಲ್ಲ ಇದ್ದವು. ಆದರೆ ಆ ಕಥೆಯಲ್ಲಿ ಬೀಗಗಳು ಒಳಗಡೆಯಿಂದ ಹಾಕಿದ್ದವು. ಜ್ವರದ ಭೂತ ಒಳಗೆ ಬರಬಾರದು ಎಂದು ಒಬ್ಬ ಮುದುಕಿ ಬಾಗಿಲು ಹಾಕಿಕೊಂಡು ಕೂಸನ್ನು ಕಾಯುತ್ತಿದ್ದಳು. ಅವಳ ಬಿಳಿ ಕಣ್ಣು ಕಂಡರೆ ಜ್ವರಕ್ಕೆ ಹೆದರಿಕೆಯಂತೆ.

ಹೇಳುತ್ತಿದ್ದವರು ಯಾರು ಎಂದು ನೀನು ಕೇಳಬಹುದು. ಬರೆಯುವುದು ನನ್ನ ಕೆಲಸವಲ್ಲ. ನಾನು ಪರರ ಪತ್ರ ಬರೆಯುವವನು. ನೀನು ಗಂಜಿಯ ಬಗ್ಗೆ ಕೇಳಿದ ಮೇಲೆ ನನಗೂ ಕೆಲಸಕ್ಕೆ ಕೈ ಹತ್ತುತ್ತಿಲ್ಲ, ಒಂದೇ ಅಂಗಿಗೆ ಎರಡು ಸಲ ತೋಳು ಉಲ್ಟಾ ಹಚ್ಚಿದೆ. ಯೂಸುಫ.


ಮುಂಡಗೋಡ,
ತಾ. 20 ನವೆಂಬರ್ 1937

ಅವ್ವಾ,

ಶರಣು. ಗಿಣ್ಣದ ಮಾತು ಬರೆಸಿ ಬಾಯಲ್ಲಿ ನೀರು ತರಿಸಿದೆ, ಆದರೆ ನಾನು ಕೇಳುವುದನ್ನು ಬಿಡುವುದಿಲ್ಲ. ಆ ಹಟ ನಿನ್ನಿಂದಲೇ ಬಂದದ್ದು.

ನಿನ್ನ ಕಥೆಯಲ್ಲಿ ರಾಕ್ಷಸಿ ಬೀಗ ಹಾಕಿದ್ದು ಬಾಗಿಲಿನ ಯಾವ ಕಡೆಗೆ? ಹೊರಗಡೆ ಹಾಕಿದ್ದರೆ ಅದು ಸೆರೆಮನೆ. ಒಳಗಡೆ ಹಾಕಿಕೊಂಡಿದ್ದರೆ ಅದು ಬೇರೆಯೇ ಕಥೆ. ಶಾಲೆಯಲ್ಲಿ ಕೇಳಿದೆ. ಕೂಸು ರಾಕ್ಷಸಿಯ ಸೆರಗಿನ ಹಿಂದೆ ಹೋಯಿತಲ್ಲ ಅಕ್ಕೋರ, ಅಂದಮೇಲೆ ಅವಳೂ ಒಳಗೇ ಇದ್ದಳು, ಬೀಗವೂ ಒಳಗೇ ಇತ್ತು ಎಂದರು. ನನ್ನ ಹುಡುಗಿಯರ ಮುಂದೆ ನನಗೇ ಬುದ್ಧಿ ಸಾಲದು.

ನಾನು ಸಣ್ಣವಳಿದ್ದಾಗಿನದು ಒಂದು ನೆನಪಿದೆ. ದೀಪ ಹಚ್ಚಿದ ಮೇಲೆ ನೀನು ಓಣಿಯ ಮಕ್ಕಳನ್ನೆಲ್ಲ ಕೂಡಿಸಿಕೊಂಡು ಈ ಕಥೆ ಹೇಳುತ್ತಿದ್ದೆ. ನೀನು ಶುರು ಮಾಡಿದ ಕೂಡಲೇ ಗೋಡೆಯ ಆಚೆ ಬೀಗದ ಕೈಗಳ ಸದ್ದು ನಿಂತುಬಿಡುತ್ತಿತ್ತು. ಅತ್ತಿ ಹೊರಗೆ ಹೋದಳು ಅಂದುಕೊಳ್ಳುತ್ತಿದ್ದೆ. ಕೂತು ಕೇಳುತ್ತಿದ್ದಳೇ?

ಅಪ್ಪ ಹೋದ ವರ್ಷ ನೀನು ಸಾಂಬ್ರಾಣಿಯ ತವರಿನಲ್ಲಿ ಬಹಳ ದಿನ ಇದ್ದೆ ಎಂದು ಯಾರೋ ಒಮ್ಮೆ ಅಂದಿದ್ದರು. ಆಗ ನನಗೆ ಎರಡೂವರೆ ವರ್ಷ. ಇದೊಂದೇ ಹೇಳು, ಆವಾಗ ನಾನು ಎಲ್ಲಿದ್ದೆ?

ನೀಲಾ


ತೇರಗಾಂವ,
ತಾ. 2 ಡಿಸೆಂಬರ್ 1937

ನೀಲಾ, ಪುಸ್ತಕ ಬ್ಯಾಡ. ಸಾಹೇಬರಿಗೆ ಆಗೂದಿಲ್ಲ ಅಂತ ಹೇಳು. ಅದನ್ನ ಇನ್ನ ಶಾಲ್ಯಾಗೂ ಹೇಳಬ್ಯಾಡ.

ನಿಮ್ಮವ್ವ

ಬರೆದವನ ಮಾತು: ಇಷ್ಟೇ ಹೇಳಿದಳು. ಯೂಸುಫ.


ಮುಂಡಗೋಡ,
ತಾ. 18 ಜನವರಿ 1938

ಯೂಸುಫ ಕಾಕಾ ಅವರಿಗೆ,

ನೀಲಕ್ಕನ ನಮಸ್ಕಾರ. ಡಿಸೆಂಬರಿನಿಂದ ಅವ್ವನಿಗೆ ಮೂರು ಪತ್ರ ಹಾಕಿದೆ. ಒಂದಕ್ಕೂ ಉತ್ತರವಿಲ್ಲ. ಅವಳ ಮೈ ಸರಿ ಇದೆಯೇ? ಸಿಟ್ಟಾಗಿದ್ದರೆ ಸಿಟ್ಟಾಗಿದ್ದೇನೆ ಎಂದಾದರೂ ಬರೆಸಲಿ. ಸಂಕ್ರಾಂತಿಗೆ ನಾನು ಕಳಿಸಿದ ಎಳ್ಳು ಬೆಲ್ಲ ಮುಟ್ಟಿತೋ ಇಲ್ಲವೋ ಅದೂ ಗೊತ್ತಿಲ್ಲ.

ಮೊದಲು ನನಗೆ ಸುಮ್ಮನೆ ಕುತೂಹಲವಿತ್ತು ಕಾಕಾ, ಗೂಡಿನೊಳಗೆ ಏನಿದೆ ಎಂದು ಕೈ ಹಾಕಿ ನೋಡುವ ಹಾಗೆ. ಈಗ ಹಾಗಲ್ಲ. ಎರಡು ಹಾಳೆ ಎದುರಿಗೆ ಇಟ್ಟುಕೊಂಡು ಕೂತಿದ್ದೇನೆ. ಒಂದರಲ್ಲಿ ಅವ್ವ ಹೇಳಿದ ಕಥೆ. ಇನ್ನೊಂದರಲ್ಲಿ ನೀವು ಕೇಳಿದ ಕಥೆ. ಮೊದಲನೆಯದನ್ನು ಅಚ್ಚು ಹಾಕಿಸಿದರೆ ಅತ್ತಿಗೆ ಅನ್ಯಾಯ. ಎರಡನೆಯದನ್ನು ಹಾಕಿಸಿದರೆ ಅವ್ವ ಸುಳ್ಳು ಹೇಳಿದಳೆಂದು ನಾನೇ ಊರಿಗೆ ಸಾರಿದ ಹಾಗೆ. ಯಾವುದನ್ನೂ ಕಳಿಸದಿದ್ದರೆ ಗೋಡೆ ಇದ್ದಲ್ಲೇ ಇರುತ್ತದೆ. ಅದೂ ನನಗೆ ಬೇಡ.

ಅವ್ವನಿಗೆ ಹೇಳಿ, ನಾನು ಅವಳ ಮೇಲೆ ತಪ್ಪು ಹೊರಿಸಲು ಕೇಳುತ್ತಿಲ್ಲ. ಆ ಗಂಜಿ ಉಂಡ ಕೂಸು ನಾನೇ ಇರಬೇಕು ಅನ್ನಿಸುತ್ತಿದೆ. ನನ್ನ ಕಥೆ ನನಗೆ ಗೊತ್ತಾಗಬೇಡವೇ? ಮಾರ್ಚ್ ತನಕ ಕಾಯುತ್ತೇನೆ.

ನೀಲಕ್ಕ


ತೇರಗಾಂವ,
ತಾ. 3 ಫೆಬ್ರುವರಿ 1938

ಚಿ. ನೀಲಕ್ಕಗೆ ಯೂಸುಫನ ದುವಾ.

ನಿಮ್ಮವ್ವನ ಮೈಗೆ ಏನೂ ಆಗಿಲ್ಲ. ಎಳ್ಳು ಬೆಲ್ಲ ಮುಟ್ಟಿದೆ, ನನಗೂ ಪಾಲು ಬಂತು.

ನಿನ್ನ ಪತ್ರದಲ್ಲಿ ಅವ್ವನಿಗೆಂದು ಬರೆದದ್ದನ್ನು ಓದಿ ಹೇಳಿದೆ. ಕಡೆಯ ಮಾತು ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ ಮೂರು ಸಲ ಬಂದಳು. ಮೊದಲ ಸಲ ಬಂದು ಚಾಪೆಯ ಮೇಲೆ ಕೂತು, ಬರೀರಿ ಅಂದಳು. ನಾನು ತಾರೀಖು ಬರೆದು ಕಾದೆ. ಹೂಂ ಅಂದೆ. ಇನ್ನೊಮ್ಮೆ ಹೂಂ ಅಂದೆ. ಎದ್ದು ಹೋದಳು. ಎರಡನೆಯ ಸಲ "ನೀಲಾ" ಎಂದು ಬರೆಸಿ ಎದ್ದು ಹೋದಳು. ಮೂರನೆಯ ಸಲ ನನ್ನ ಮುಖ ನೋಡಿ, "ನೀವು ಗಂಡಸರು, ಓಣಿಯವರು, ನಿಮ್ಮ ಮುಂದ ಹೆಂಗ ಹೇಳ್ಲಿ" ಅಂದಳು.

ನಾನು ನನಗೆ ತಿಳಿದದ್ದು ಹೇಳಿದೆ. "ಹೊಳೆವ್ವ, ಈ ಊರಾಗ ಪತ್ರ ಬರಿಯಾಕ ಬರೋರು ಮೂರು ಮಂದಿ. ನಾನು, ಸಾಲಿ ಮಾಸ್ತರು, ಇನ್ನ ಮಠದಾಗ ಕುಂತು ವಚನ ಓದೋ ಕಾಶೆವ್ವ. ನನ್ನ ಮುಂದ ಹೇಳಾಕ ಆಗದಿದ್ದರ ಇನ್ನ ಇಬ್ಬರು ಅದಾರ" ಅಂದೆ. ನಿಮ್ಮವ್ವ ನನ್ನ ಕತ್ತರಿಯ ಕಡೆ ನೋಡಿದ ರೀತಿಗೆ ನಾನು ಅದನ್ನು ಮೆಲ್ಲಗೆ ತೊಡೆಯ ಕೆಳಗೆ ಇಟ್ಟುಕೊಂಡೆ. ಎದ್ದು ಹೋದಳು.

ತಪ್ಪು ಮಾತಾಡಿದೆನೋ ಏನೋ. ಹದಿನೆಂಟು ವರ್ಷ ನಿಮ್ಮ ಎರಡೂ ಬಾಗಿಲನ್ನು ಎದುರಿಗೆ ಕೂತು ನೋಡಿದ್ದೇನೆ. ಒಬ್ಬಳು ನೀರಿಗೆ ಹೊರಟರೆ ಇನ್ನೊಬ್ಬಳು ಒಳಗೆ ಹೋಗುತ್ತಾಳೆ. ನನಗೂ ಸಾಕಾಗಿದೆ.

ಯೂಸುಫ


ತೇರಗಾಂವ,
ತಾ. 26 ಫೆಬ್ರುವರಿ 1938

ನೀಲಾ,

ಇದು ಯೂಸುಫನ ಅಕ್ಷರ ಅಲ್ಲ. ಬರಿಯಾಕತ್ತಾಕಿ ನಿಮ್ಮತ್ತಿ ಕಾಶೆವ್ವ. ಹೇಳಾಕತ್ತಾಕಿ ನಾನು, ನಿಮ್ಮವ್ವ. ಸಂಜಿಮುಂದ ಆಚೀಕಡಿ ಬಾಗಲ ಬಡದೆ. ಯಾರು ಅಂದ್ಲು. ನಾನು, ಒಂದು ಪತ್ರ ಬರಿಯೂದೈತಿ ಅಂದೆ. ಬಾಗಲ ತಗದ್ಲು. ಚಸ್ಮಾ ಹಾಕ್ಕೊಂಡು ಮಸಿ ದೌತಿ ತಗೊಂಡು ಬಂದು ಕುಂತ್ಲು.

ನೀ ಎಲ್ಲಿದ್ದಿ ಅಂತ ಕೇಳಿದ್ದಿಯಲ್ಲ. ಇಲ್ಲೇ ಇದ್ದಿ. ಈ ಪಡಸಾಲ್ಯಾಗ, ಈಕಿ ತೊಡಿ ಮ್ಯಾಲೆ.

ಹೂಂ.

ಆ ದೊಡ್ಡ ಜ್ವರ ಬಂದಾಗ ನಿಮ್ಮಪ್ಪ ನಾಕು ದಿನದಾಗ ಹೋದ. ನನಗೂ ಬಂತು. ಉಳಿಯೂದಿಲ್ಲ ಅಂತ ಗಾಡ್ಯಾಗ ಹಾಕ್ಕೊಂಡು ಸಾಂಬ್ರಾಣಿಗೆ ಒಯ್ದರು. ಕೂಸನ್ನ ಕರಕೊಂಡು ಹೋದ್ರ ಕೂಸಿಗೂ ಹತ್ತೈತಿ ಅಂತ ಈಕಿ ನಿನ್ನ ಕಸಗೊಂಡು ಬಾಗಲ ಹಾಕ್ಕೊಂಡ್ಲು. ನಾ ಗಾಡ್ಯಾಗಿಂದ ಅದನ್ನ ನೋಡಿದೆ. ಕಸಗೊಂಡದ್ದು ಅಷ್ಟ ನೆನಪಿಟಗೊಂಡೆ, ಯಾಕ ಅನ್ನೂದನ್ನ ಬಿಟ್ಟೆ.

ಹೂಂ.

ಏಳು ತಿಂಗಳ ಮ್ಯಾಲೆ ಬಂದೆ. ತಲಿಕೂದಲಾ ಉದರಿ, ಎಲವು ಚರ್ಮ ಆಗಿದ್ದೆ. ನೀ ನನ್ನ ನೋಡಿ ಚೀರಿ ಈಕಿ ಸೆರಗಿನ ಹಿಂದ ಹೋದಿ. ಈಕೀನ್ನ ಅವ್ವ ಅಂದಿ. ನನಗ ಯಾರು ಅಂದಿ.

ಹೂಂ.

ಗಂಡ ಹೋಗಿದ್ದ. ಕೂಸೂ ಹೋತಲ್ಲ ಅಂತ ಅನಸ್ತು. ಈಕಿ ನಿನ್ನ ಕರಕೊಂಡು ಬಂದು ನನ್ನ ಮಗ್ಗಲದಾಗ ಮಲಗಸ್ತಿದ್ಲು. ನೀ ಎದ್ದು ಹೋಗ್ತಿದ್ದಿ. ನನಗ ಈಕಿ ಮ್ಯಾಲೆ ಹೊಟ್ಟೆಕಿಚ್ಚು ಬಂತು. ಆ ಹಲಗಿ ಮ್ಯಾಲೆ ರಾಣಿ ಅವಗುಣದ ಕಡೆ ಅದನ್ನ ಬರಿ. ಮೈಗಳ್ಳಿ ಅನ್ನೂದನ್ನ ಅಳಸು.

ಕಥಿ ನಂದಲ್ಲ ನೀಲಾ. ಈಕೀದು. ಈಕಿ ಹೇಳೂದನ್ನ ನಾನೂ ಹಾಸಿಗ್ಯಾಗ ಬಿದ್ದು ಕೇಳಿದ್ದೆ. ಅದನ್ನ ತಿರುವಿದೆ. ಬಾಗಲ ಕಾಯೋ ಮುದುಕೀನ್ನ ರಾಕ್ಷಸಿ ಮಾಡಿದೆ. ನಿನ್ನ ಕಿವ್ಯಾಗ ದಿನಾ ಹೇಳಿದೆ. ಒಂದು ತಿಂಗಳಾಗೂದರಾಗ ನೀ ಈಕೀನ್ನ ನೋಡಿ ಅಂಜಿ ನನ್ನ ಮಡಲಿಗೆ ಬಂದಿ. ನಾ ಗೆದ್ದೆ ಅನ್ಕೊಂಡೆ. ಆಮ್ಯಾಲೆ ನಡುವ ಗ್ವಾಡಿ ಎಬ್ಬಿಸ್ಬೇಕು ಅಂತ ಹಟ ಹಿಡದಾಕೀನೂ ನಾನ. ಗಂಜಿ ಊದೂದನ್ನ ಮಾತ್ರ ಕಥಿಯಾಗಿಂದ ತಗಿಯಾಕ ಆಗಲಿಲ್ಲ. ಅದನ್ನ ತಗದ್ರ ನೀ ಅಳ್ತಿದ್ದಿ.

ಹೂಂ.

ಇನ್ನೊಂದು ಐತಿ. ಇದನ್ನ ಯಾರ ಮುಂದೂ ಹೇಳಿಲ್ಲ. ನಿನಗ ಆರೇಳು ವರ್ಷ ಇದ್ದಾಗ ಒಂದು ಸಂಜಿ ಕಥಿ ಹೇಳಾಕತ್ತಿದ್ದೆ. ಅವತ್ತು ನೀ ಒಬ್ಬಾಕೀನ ಇದ್ದಿ, ಹಗಲೆಲ್ಲಾ ಆಡಿ ದಣದಾಕಿ, ನಡುವ ನಿದ್ದಿ ಹೋದಿ. ನನಗ ಗೊತ್ತಾಗಲಿಲ್ಲ. ರಾಣಿ ಏಳನೇ ಬಾಗಲ ತಗದ್ಲು ಅಂದೆ. ಹೂಂ ಅಂದ್ರು. ಹಣತಿ ನೋಡಿದ್ಲು ಅಂದೆ. ಹೂಂ ಅಂದ್ರು. ತಿರುಗಿ ನೋಡಿದ್ರ ನಿನ್ನ ಕಣ್ಣು ಮುಚ್ಚಿದ್ದುವು. ಹೂಂ ಬಂದದ್ದು ಗ್ವಾಡಿ ಆಚೀಕಡಿಂದ.

ಅವತ್ತಿಂದ ಎಷ್ಟು ಸಲ ಕೇಳ್ಬೇಕು ಅಂತ ಅನಸ್ತು. ಈಗ ಕೇಳ್ತೇನಿ, ಬರಿಯವ್ವ ಅಕ್ಕ. ನಿನ್ನ ಕೊಲ್ಲೂ ಕಥಿಗೆ ನೀ ಯಾಕ ಹೂಂ ಅಂದಿ?

ನೀಲಾ, ಇಲ್ಲಿಂದ ಮುಂದ ನನ್ನ ಮಾತು. ನಾ ಕಾಶೆವ್ವ. ನಿಮ್ಮವ್ವ ಸೆರಗು ಬಾಯಿಗೆ ಹಿಡಕೊಂಡು ಕುಂತಾಳ.

ಹೂಂ ಅನ್ನೋರಿಲ್ಲದ ಕಥಿ ಹೇಳಿದಾಕಿ ಕಡೀಗೇ ತಿರುಗತೈತಿ. ಒಬ್ಬಾಕಿ ಗಂಡನ್ನ ಕಳಕೊಂಡಾಕಿ, ಮಡಲಾಗ ಕೂಸು. ಆಕಿಗೆ ತಿರುಗಬಾರ್ದು ಅಂತ ಹೂಂ ಅಂದೆ. ಇಷ್ಟ ನೋಡು.

ನನಗ ಸಿಟ್ಟಿರಲಿಲ್ಲ ಅಂತ ತಿಳಕೋಬ್ಯಾಡ. ಭಾಳ ಇತ್ತು. ನೀ ಮೊದಲನೇ ಸಲ ಬಿಳಿಗಣ್ಣಿ ಅಂತ ಕೂಗಿ ಓಡಿದ ದಿನ ನಾ ಉಣ್ಣಲಿಲ್ಲ. ಆದ್ರ ಓಡಿದ್ದು ನೋಡಿದೆ. ಬಾಗಲ ಹಾಕ್ಕೊಂಡ ಮ್ಯಾಲೂ ನಿನಗ ಜ್ವರ ಬಂದಿತ್ತು; ಆವಾಗ ಕಾಲ ಎತ್ತಲಾರದ ಕೂಸು ಇಷ್ಟು ಜೋರಾಗಿ ಓಡತೈತಲ್ಲ ಅಂತ ಅನಸ್ತು.

ಪುಸ್ತಕ ಮಾಡು. ರಾಕ್ಷಸಿ ರಾಕ್ಷಸೀನ ಇರ್ಲಿ, ಹುಡುಗ್ಯಾರಿಗೆ ಒಂದೀಟು ಅಂಜಿಕಿ ಬೇಕು. ಕಣ್ಣಿನ ಬಣ್ಣ ಅಷ್ಟ ಬದಲಿ ಮಾಡು, ಹಸರು ಮಾಡು. ಬೀಗ ಒಳಗ ಹಾಕು. ಕಡೀಗೆ ಹಣತಿ ಏನಾಗ್ಬೇಕು ಅನ್ನೂದನ್ನ ನಾ ಹೇಳೂದಿಲ್ಲ, ಅದು ರಾಣಿ ಕೆಲಸ. ನಿಮ್ಮವ್ವನ್ನ ಕೇಳಿದೆ. ರಾಣಿ ಎಣ್ಣಿ ಹಾಕ್ತಾಳ ಅಂತ ಬರಿ ಅಂದ್ಲು. ಬರದೇನಿ.

ಸುಗರಾಗ ಹೇಳು, ಊದೂದು ಯಾಕಂದ್ರ ಬಿಸಿ ಇತ್ತು ಅಂತ.

ಯುಗಾದಿಗೆ ಬಾ. ಯಾವ ಬಾಗಲದಿಂದ ಬಂದ್ರೂ ನಡೀತೈತಿ. ಇನ್ನ ಬರಿಯೂದು ಸಾಕು, ಕೈ ಬೇಕಾಗೈತಿ. ನಿಮ್ಮವ್ವ ಮುಂಜಾನಿಂದ ಏನೂ ತಿಂದಿಲ್ಲ, ಒಲಿ ಮ್ಯಾಲೆ ಬೆಲ್ಲದ ಗಂಜಿ ಇಟ್ಟೇನಿ. ಹೇಳಿ ಹೇಳಿ ದಣದಾಳ, ಆರೂತನಕ ತಡಿಯೂದಿಲ್ಲ. ಗಂಜಿ ಭಾಳ ಸುಡಾಕತ್ತೈತಿ. ನಾನ ಊದಿ ಕೊಡ್ಬೇಕು.

ನಿಮ್ಮತ್ತಿ
ಕಾಶೆವ್ವ